ಮೂವತ್ತನೇ ಚೀಟಿ

ಹಾಸಿಗೆಯ ಅಂಚು ಬಿಟ್ಟುಕೊಂಡಿತ್ತು, ಹೊಲಿಯೋಣವೆಂದು ದಬ್ಬಣ ಹುಡುಕಿದರೆ ಮನೆಯಲ್ಲಿ ಒಂದೂ ಸಿಗಲಿಲ್ಲ. ಸಾಗರದ ಪೇಟೆಯಲ್ಲಿ ಹಗ್ಗ, ಗೋಣಿಚೀಲ ಮಾರುವ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಗಲ್ಲಾದ ಪಕ್ಕದಿಂದ ಒಂದು ಮೇಣದಬತ್ತಿಯ ತುಂಡು ಎತ್ತಿದ. ತುಕ್ಕು ಹಿಡಿಯಬಾರದೆಂದು ಅದಕ್ಕೆ ನಾಲ್ಕೈದು ದಬ್ಬಣ ಚುಚ್ಚಿಟ್ಟಿದ್ದ. ಒಂದನ್ನು ಎಳೆದು ನನ್ನ ಕೈಗಿಟ್ಟ. ಬೆರಳಿಗೆ ಮೇಣದ ಜಿಡ್ಡು ಹತ್ತಿತು, ಅದರ ಜೊತೆಗೆ ಕಬ್ಬಿಣದ ಸಣ್ಣ ವಾಸನೆ... ನಾನು ಅಲ್ಲೇ ನಿಂತುಬಿಟ್ಟೆ.

"ಎಂತ ಆತು ಅಕ್ಕ, ಸಣ್ಣದು ಬೇಕಿತ್ತಾ?" ಎಂದ ಅವನು. ಇದೇ ಸಾಕು ಎಂದು ಹೇಳಿ ಹೊರಗೆ ಬಂದೆ. ಹಾಸಿಗೆ ಇವತ್ತಿಗೂ ಹೊಲಿದಿಲ್ಲ.

ಹೀಗೆಯೇ ಮೇಣದ ತುಂಡಿಗೆ ದಬ್ಬಣ ಚುಚ್ಚಿಟ್ಟುಕೊಳ್ಳುತ್ತಿದ್ದವರು ಒಬ್ಬರಿದ್ದರು. ತೀರ್ಥಹಳ್ಳಿಯಲ್ಲಿ ಆಗ ಇದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಅವರದ್ದು. ಆಸ್ಪತ್ರೆಯ ಹೆಸರು ಬೇಡ, ಅದು ಈಗ ಮುಚ್ಚಿಯೂ ಹೋಗಿದೆ. ಅವರನ್ನು ಡಾಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಚೀಟಿಯಣ್ಣ ಎಂದೇ ಕರೆಯುತ್ತಿದ್ದರು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಚೀಟಿಯಣ್ಣ ಎನ್ನುತ್ತಿದ್ದರು. ನಾನು ಹೋದಾಗ ಅವರಿಗೆ ಐವತ್ತೈದರ ಮೇಲಾಗಿತ್ತು. ನನಗೆ ಇಪ್ಪತ್ತೆರಡು. ಸಾಗರದಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ, ಹನ್ನೊಂದು ತಿಂಗಳ ಕರಾರಿನ ಮೇಲೆ ಆ ಆಸ್ಪತ್ರೆಗೆ ಆಪರೇಟರ್ ಆಗಿ ಸೇರಿದ್ದೆ. ಚಿಕ್ಕಮ್ಮನ ಮನೆಯಲ್ಲಿ ವಾಸ. ತಲೆ ತುಂಬ ಜಂಬ. ನನಗೆ ಗೊತ್ತಿಲ್ಲದ್ದು ಭೂಮಿಯ ಮೇಲೆ ಇಲ್ಲ ಎಂಬ ವಯಸ್ಸು ಅದು.

ಅವರ ಕೆಲಸದ ಕ್ರಮ ಹೇಳಿದರೆ ನಗು ಬರಬಹುದು, ನನಗೂ ಮೊದಲು ನಗು ಬಂದಿತ್ತು. ರೋಗಿಯ ಹೆಸರು, ಊರು ಬರೆದು ಚೀಟಿಯನ್ನು ಎರಡಾಗಿ ಹರಿಯುತ್ತಿದ್ದರು. ನಂಬರು ಹಾಕಿದ ಅರ್ಧ ರೋಗಿಯ ಕೈಗೆ. ಇನ್ನರ್ಧವನ್ನು ದಬ್ಬಣದಲ್ಲಿ ಚುಚ್ಚಿ ಸೆಣಬಿನ ದಾರಕ್ಕೆ ಪೋಣಿಸುತ್ತಿದ್ದರು. ಒಂದು ದಿನಕ್ಕೆ ಒಂದು ದಾರ. "ಪೋಣಿಸಿದ ಮೇಲೆ ಯಾರಪ್ಪ ಬಂದ್ರೂ ಹಿಂದು ಮುಂದು ಮಾಡಕ್ಕಾಗಲ್ಲ ನೋಡು" ಎನ್ನುತ್ತಿದ್ದರು. ನಿಜವೇ. ನಡುವೆ ಇನ್ನೊಬ್ಬರನ್ನು ತೂರಿಸಬೇಕೆಂದರೆ ದಾರವನ್ನು ಪೂರ್ತಿ ಬಿಚ್ಚಬೇಕು.

ಬೆಳಗ್ಗೆಯ ಬಸ್ಸು ಬಂತೆಂದರೆ ಹತ್ತು ಹನ್ನೆರಡು ಜನ ಒಟ್ಟಿಗೆ ಬಂದು ಕಿಟಕಿಗೆ ಮುತ್ತುತ್ತಿದ್ದರು. ಎಲ್ಲರೂ ಬಂದದ್ದು ಒಂದೇ ಹೊತ್ತಿಗೆ. ಅವರಲ್ಲಿ ಯಾರು ಮೊದಲು? ಚೀಟಿಯಣ್ಣ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಂದೇ ಬಸ್ಸಿನಲ್ಲಿ ಇಳಿದವರಲ್ಲಿ ದೂರದ ಊರಿನವರು ಮುಂದೆ. "ಮೇಗರವಳ್ಳಿ ಕಡೆಯವ್ರು ಯಾರಿದೀರಿ, ಬನ್ನಿ ಮೊದ್ಲು" ಎಂದು ಕೂಗುತ್ತಿದ್ದರು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ಯಾರೂ ತಕರಾರು ಮಾಡಿದ್ದು ನಾನು ನೋಡಿಲ್ಲ. ವಾಪಸ್ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಕಿಟಕಿಯಲ್ಲಿ ಕೂತಿದ್ದಾಗ ಅವರು ಯಾರಿಂದಲೂ ಒಂದು ಕವಳ ಸಹ ತೆಗೆದುಕೊಳ್ಳುತ್ತಿರಲಿಲ್ಲ. ಗುರುತಿನವರು ಎಲೆ ಅಡಿಕೆ ಮುಂದೆ ಮಾಡಿದರೆ, ಕಿಟಕಿಯಿಂದ ಈಚೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತು ಹಾಕಿಕೊಂಡು ಹೋಗುತ್ತಿದ್ದರು. ಕಿಟಕಿಯಲ್ಲಿ ಕೈ ಚಾಚಿ ತಗೊಳ್ಳುವುದು ಇಲ್ಲವೇ ಇಲ್ಲ. ಎಂಥ ಹಠ ಎಂದು ಆಗ ಅನ್ನಿಸುತ್ತಿತ್ತು...

ಆ ಆಸ್ಪತ್ರೆಗೆ ತಿಂಗಳಿಗೊಮ್ಮೆ, ಒಂದು ಶನಿವಾರ, ಶಿವಮೊಗ್ಗದಿಂದ ಹೃದಯದ ಡಾಕ್ಟರು ಬರುತ್ತಿದ್ದರು. ನೋಡುವುದು ಮೂವತ್ತೇ ಜನರನ್ನು. ಮೂರು ಗಂಟೆಗೆ ಎದ್ದರೆ ಎದ್ದರು, ಯಮ ಬಂದರೂ ನಿಲ್ಲುವವರಲ್ಲ. ಅವರಿಗೆ ತೋರಿಸುವವರು ಹಿಂದಿನ ಸೋಮವಾರವೇ ಬಂದು ಹೆಸರು ಬರೆಸಬೇಕಿತ್ತು. ಚೀಟಿಯಣ್ಣ ಮೂವತ್ತು ಚೀಟಿ ಪೋಣಿಸಿ ದಾರಕ್ಕೊಂದು ಗಂಟು ಹಾಕುತ್ತಿದ್ದರು. ಆಮೇಲೆ ಬಂದವರದ್ದು ಗಂಟಿನ ಆಚೆ. ಯಾರಾದರೂ ಬಾರದಿದ್ದರೆ ಅವರಿಗೆ ಅವಕಾಶ.

ಆ ವರ್ಷ ಆಡಳಿತದವರು ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಬೇಕೆಂದರು. ಶಿವಮೊಗ್ಗದ ಒಬ್ಬ ಹುಡುಗ ಬಂದು ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟು ಹೋದ. ಹೆಸರು, ಊರು, ವಯಸ್ಸು, ಬರೆಸಿದ ತಾರೀಕು. ಇಷ್ಟು ತುಂಬಿದರೆ ಅದು ತಾರೀಕಿನ ಪ್ರಕಾರ ಜೋಡಿಸಿ, ಒಂದು ಎರಡು ಮೂರು ಎಂದು ನಂಬರು ಹಾಕಿ ಪ್ರಿಂಟು ಕೊಡುತ್ತಿತ್ತು. ಚೀಟಿಯಣ್ಣ ಹೆಸರು ಓದಬೇಕು, ನಾನು ಹೊಡೆಯಬೇಕು. ಅವರು ದಾರವನ್ನೂ ಬಿಡಲಿಲ್ಲ. "ನಿಂದು ನೀ ಮಾಡು ತಂಗಿ, ನಂದೂ ಇರ್ಲಿ ಒಂದ್ ಕಡೆ" ಎಂದರು. ನಾನು ಮೂತಿ ತಿರುಗಿಸಿದ್ದು ನೆನಪಿದೆ.

ಅಂಥ ಒಂದು ಸೋಮವಾರ ಬೆಳಗ್ಗೆ ಏಳನೇ ಹೆಸರು ಹೊಡೆದ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ಸು ಹೆಸರಿಗೆ ಮಾತ್ರ ಇತ್ತು. ಕರೆಂಟು ಬಂದ ಮೇಲೆ, ಕೊನೆಗೆ ಹೊಡೆದ ಹೆಸರು ಉಳಿದಿದೆಯೋ ಇಲ್ಲವೋ ಎಂದು ನೋಡದೆ ಅದನ್ನೇ ಇನ್ನೊಮ್ಮೆ ಹೊಡೆದೆ. ಮಧ್ಯಾಹ್ನ ಮೂವತ್ತಾಯಿತು. ಮೂವತ್ತನೆಯವರು ಅರಳಸುರಳಿಯ ಒಬ್ಬ ಅಜ್ಜಿ, ಮಗನ ತೋಳು ಹಿಡಿದುಕೊಂಡು ಬಂದಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚೀಟಿಯಣ್ಣ ಅವರ ಕೈಗೆ ಅರ್ಧ ಚೀಟಿ ಕೊಟ್ಟು, "ಮೂವತ್ತನೇದು ಸಿಕ್ತು ನೋಡಿ, ಪುಣ್ಯ. ಶನಿವಾರ ಬಂದ್ಬಿಡಿ, ನಿಮ್ದು ಆಗೇ ಆಗ್ತದೆ. ನಾ ಹೇಳಿದೀನಲ" ಎಂದರು. ದಾರಕ್ಕೆ ಗಂಟು ಹಾಕಿದರು.

ಆಮೇಲೆ ನನ್ನ ಕಡೆ ತಿರುಗಿ, ನಿನ್ನದರಲ್ಲಿ ಎಷ್ಟಾಯಿತು ಎಂದು ಕೇಳಿದರು. ನೋಡಿದರೆ ಮೂವತ್ತೊಂದು. ಒಂದು ಹೆಸರು ಎರಡು ಸಲ ಕೂತಿತ್ತು. ಒಂದನ್ನು ಅಳಿಸಿದೆ, ಲೆಕ್ಕ ಸರಿಹೋಯಿತು. ಸಂಜೆಯ ಹೊತ್ತಿಗೆ ಹೊಸನಗರದ ಕಡೆಯ ಒಬ್ಬ ಗೃಹಸ್ಥರು ಓಡೋಡಿ ಬಂದರು. ಅವರದು ಮೂವತ್ತೊಂದನೆಯದು, ಗಂಟಿನ ಆಚೆ. ಸಿಕ್ಕರೆ ನಿಮ್ಮ ಅದೃಷ್ಟ ಎಂದು ಚೀಟಿಯಣ್ಣ ಹೇಳಿದರು. ನಾನು ಹೆಸರು ಹೊಡೆದೆ. ಅಷ್ಟೇ ನಡೆದದ್ದು.

ಶನಿವಾರ ಪಟ್ಟಿಯನ್ನು ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದೆ. ಹೊಸನಗರದವರ ಹೆಸರು ಎಂಟನೆಯದಾಗಿ ಬಂದಿತ್ತು. ಎಂಟರಿಂದ ಆಚೆಗಿನವರೆಲ್ಲ ಒಂದೊಂದು ಸ್ಥಾನ ಕೆಳಗೆ ಜಾರಿದ್ದರು. ಅರಳಸುರಳಿಯ ಅಜ್ಜಿ ಮೂವತ್ತೊಂದು. ನಾನು ಅದನ್ನು ಓದಿಯೂ ನೋಡಿರಲಿಲ್ಲ.

ಗೊತ್ತಾದದ್ದು ಮೂರು ಗಂಟೆಗೆ. ನರ್ಸು ಮೂವತ್ತು ಹೆಸರು ಕರೆದು ಬಾಗಿಲು ಹಾಕಿದಳು. ಅಜ್ಜಿಯ ಮಗ ಅರ್ಧ ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದ. ಚೀಟಿಯಣ್ಣ ಪಟ್ಟಿ ನೋಡಿದರು, ದಾರ ತೆಗೆದು ನೋಡಿದರು, ಮತ್ತೆ ಪಟ್ಟಿ ನೋಡಿದರು. ಡಾಕ್ಟರ ಹತ್ತಿರ ಓಡಿ ಹೋಗಿ ಇನ್ನೊಬ್ಬರನ್ನು ನೋಡಿ ಎಂದು ಬೇಡಿಕೊಂಡರು. ಆಗಲೇ ಡಾಕ್ಟರ ಕಾರು ಸ್ಟಾರ್ಟ್ ಆಗಿತ್ತು. ವಾಪಸ್ ಬಂದು ನನ್ನ ಕೇಳಿದರು:

"ಹೊಸನಗರದವ್ರು ಕೊನೇಗೆ ಬಂದವ್ರಲ್ದನಾ ತಂಗಿ? ಎಂಟನೇದ್ರಲ್ಲಿ ಹೆಂಗೆ ಬಂತು ಅವ್ರ ಹೆಸ್ರು?"

ಸುತ್ತ ಹದಿನೈದು ಇಪ್ಪತ್ತು ಜನ ನಿಂತಿದ್ದರು. ತಪ್ಪು ನನ್ನ ತಲೆಗೆ ಬರುತ್ತದೆ ಎಂದು ಒಂದೇ ಕ್ಷಣದಲ್ಲಿ ಹೊಳೆಯಿತು. ನನ್ನ ಬಾಯಿಗೆ ಬೆಂಕಿ ಹಾಕ. "ನಂಗೇನು ಗೊತ್ತು? ನೀವು ಹೇಳಿದ ಹಾಗೇ ನಾನು ಹೊಡೆದಿದ್ದು. ಕಂಪ್ಯೂಟರ್ ತಪ್ಪು ಮಾಡಲ್ಲ, ನೀವೇ ಓದುವಾಗ ಹೆಚ್ಚುಕಡಿಮೆ ಮಾಡಿರ್ಬೇಕು" ಎಂದೆ. ಗಟ್ಟಿಯಾಗಿಯೇ ಎಂದೆ.

ಅದೇ ಹೊತ್ತಿಗೆ ಆ ಹೊಸನಗರದ ಪುಣ್ಯಾತ್ಮರು ಬೆಳಗ್ಗೆಯೇ ತೋರಿಸಿಕೊಂಡು, ಪೇಟೆ ಕೆಲಸ ಮುಗಿಸಿ ಕಿಟಕಿಗೆ ಬಂದವರು, ತಮಗೆ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಚೀಲದಿಂದ ಒಂದು ಬಾಟಲಿ ಜೇನುತುಪ್ಪ ತೆಗೆದು ಚೀಟಿಯಣ್ಣನ ಮುಂದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. "ಮನೆ ಹತ್ರದ್ದೇ, ನಿಮ್ಮಿಂದ ದೊಡ್ಡ ಉಪಕಾರ ಆತು" ಎಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಅಜ್ಜಿಯ ಮಗ ನೋಡಿದ. ಎಲ್ಲರೂ ನೋಡಿದರು.

"ಓಹೋ... ಜೇನುತುಪ್ಪಕ್ಕೆ ನಂಬರ್ ಬದ್ಲಾಗ್ತದೆ ಅಂತ ನಮ್ಗೆ ಗೊತ್ತಿರ್ಲಿಲ್ಲ ಮಾರಾಯ್ರೆ" ಎಂದ ಅವನು. "ಗೊತ್ತಿದ್ರೆ ನಾವೂ ಎಂತಾದ್ರೂ ತರ್ತಿದ್ವಿ."

ಚೀಟಿಯಣ್ಣನ ಮುಖ ಬೆಳ್ಳಗಾಯಿತು. "ನಾನು ಯಾರ ಹತ್ರಾನೂ ಏನೂ ತಗಂಡವನಲ್ಲ" ಎಂದು ಎರಡು ಮೂರು ಸಲ ಹೇಳಿದರು. ಹಿಂದಿನಿಂದ ಯಾರೋ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ರಂತೆ" ಎಂದರು. ನಕ್ಕರು ಜನ. ಅಜ್ಜಿ ಮಾತ್ರ ಮಗನ ತೋಳು ಜಗ್ಗಿ, ಬಾರೋ ಸಾಕು ಎನ್ನುತ್ತಿದ್ದರು. ನಾನು ಕೀಬೋರ್ಡಿನ ಧೂಳು ಒರೆಸುತ್ತ ಕೂತಿದ್ದೆ.

ಆ ಬಾಟಲಿಯನ್ನು ಚೀಟಿಯಣ್ಣ ಮುಟ್ಟಲಿಲ್ಲ. ಸಂಜೆಯವರೆಗೂ ಅಲ್ಲೇ ಇತ್ತು. ಹೊರಡುವಾಗ ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಯಾರೂ ಬೇಡ ಎಂದಿದ್ದನ್ನು ಹಾಳು ಮಾಡುವುದೇಕೆ ಎಂದು! ಚಿಕ್ಕಮ್ಮನ ಮನೆಯಲ್ಲಿ ದೋಸೆಗೆ ಹಚ್ಚಿಕೊಂಡು ತಿಂದೆವು. ಒಳ್ಳೆಯ ಜೇನು. ಬರೆಯುವಾಗ ಅಸಹ್ಯವಾಗುತ್ತದೆ, ಆದರೂ ತಿಂದದ್ದು ನಿಜ.

ಸೋಮವಾರ ಅವರು ಎಂದಿನ ಹಾಗೆ ಬಂದರು. ಆದರೆ ಊರು ಸಣ್ಣದು, ಬಾಯಿ ದೊಡ್ಡದು. ಕಿಟಕಿಗೆ ಬಂದವರು ಚೀಟಿ ಕೇಳುವಾಗ, ಜೇನು ತರಬೇಕಿತ್ತಾ ಚೀಟಿಯಣ್ಣ ಎಂದು ಹಲ್ಲು ಕಿರಿಯುತ್ತಿದ್ದರು. ತಮಾಷೆಗೇ ಇರಬಹುದು. ಅವರು ಒಂದು ವಾರ ತಡೆದರು, ಎರಡು ವಾರ ತಡೆದರು. ಮೇಗರವಳ್ಳಿಯವರನ್ನು ಮುಂದೆ ಕರೆಯುವುದನ್ನು ನಿಲ್ಲಿಸಿದರು. ಮುಂದೆ ಕರೆದರೆ ಇನ್ನೇನು ಹೇಳುತ್ತಾರೋ ಎಂಬ ಹೆದರಿಕೆ. ತಿಂಗಳ ಕೊನೆಗೆ, ಮೊಣಕಾಲು ನೋವು ಎಂದು ಬರೆದುಕೊಟ್ಟು ಕೆಲಸ ಬಿಟ್ಟರು. ಇಪ್ಪತ್ತಾರು ವರ್ಷದ ಕೆಲಸ. ಹೋಗುವಾಗ ದಬ್ಬಣ ಮೇಣದ ತುಂಡಿನಲ್ಲಿ ಹಾಗೇ ಇತ್ತು, ಕಿಟಕಿಯ ಮೂಲೆಯಲ್ಲಿ.

ಅವರು ಹೋದ ಎರಡು ತಿಂಗಳಿಗೆ ಪ್ರೋಗ್ರಾಮಿನ ಹುಡುಗ ಇನ್ಯಾವುದೋ ರಿಪೇರಿಗೆ ಬಂದಿದ್ದ. ಹೀಗೊಂದು ಸಲ ಕೊನೆಯವರು ಎಂಟನೆಯವರಾಗಿದ್ದರು, ಯಾಕೆ ಎಂದು ಮಾತಿಗೆ ಕೇಳಿದೆ. ಅವನು ನಕ್ಕ.

"ಮೇಡಂ, ತಾರೀಕಿನ ಪ್ರಕಾರ ಜೋಡ್ಸು ಅಂತ ಅದಕ್ಕೆ ಹೇಳಿದೀವಿ. ಎಲ್ರದ್ದೂ ಒಂದೇ ತಾರೀಕು ಆದ್ರೆ ಯಾರು ಮುಂದೆ ಅಂತ ನಾವು ಹೇಳೇ ಇಲ್ಲ. ಅದು ತನಗೆ ಸಿಕ್ಕ ಹಾಗೆ ಕೊಡ್ತದೆ."

ಹೊಡೆದ ಕ್ರಮದಲ್ಲೇ ಬರುತ್ತಿತ್ತಲ್ಲ ಎಂದೆ. ಸಾಮಾನ್ಯವಾಗಿ ಹಾಗೇ ಬರುತ್ತದೆ ಎಂದ. ಆಮೇಲೆ ಬಸ್ಸಿನ ಲೆಕ್ಕ ಹೇಳಿದ. ತುಂಬಿದ ಬಸ್ಸಿನಲ್ಲಿ ನಡುವಿನ ಸೀಟಿನವರು ಇಳಿದರೆ, ಮುಂದಿನ ಸ್ಟಾಪಿನಲ್ಲಿ ಹತ್ತಿದವರು ಅಲ್ಲೇ ಹೋಗಿ ಕೂರುತ್ತಾರೆ. ಕಂಡಕ್ಟರು ಮುಂದಿನಿಂದ ಎಣಿಸಿಕೊಂಡು ಬಂದರೆ ಕೊನೆಗೆ ಹತ್ತಿದವರೇ ಎಂಟನೆಯವರು. ಇದೂ ಹಾಗೇ. ನೀವು ಎಂಟನೇ ಜಾಗದ್ದನ್ನು ಅಳಿಸಿರಬೇಕು, ಆಮೇಲೆ ಹೊಡೆದ ಹೆಸರು ಆ ಖಾಲಿ ಜಾಗಕ್ಕೆ ಹೋಗಿ ಕೂತಿತು. "ಬಂದ ಕ್ರಮಕ್ಕೆ ಬೇರೆ ನಂಬರ್ ಇಡ್ಬೇಕಿತ್ತು. ನಮ್ದೇ ತಪ್ಪು" ಎಂದು ಹತ್ತು ನಿಮಿಷದಲ್ಲಿ ಒಂದು ಹೊಸ ಕಾಲಂ ಸೇರಿಸಿ, ಕಾಫಿ ಕುಡಿದು ಹೋದ.

ಹತ್ತು ನಿಮಿಷದ ಕೆಲಸ! ದಾರಕ್ಕೆ ಗೊತ್ತಿದ್ದದ್ದು ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆವತ್ತೇ ನಾನು ಅವರ ಮನೆಗೆ ಹೋಗಬಹುದಿತ್ತು. ಆಸ್ಪತ್ರೆಯಿಂದ ನಡೆದರೆ ಕಾಲು ಗಂಟೆ. ಹೋಗಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಿತ್ತು, ಮುಂದುವರಿಸುತ್ತಾರೋ ಇಲ್ಲವೋ ಎಂಬ ಚಿಂತೆ. ಹೆಸರು ಎರಡು ಸಲ ಹೊಡೆದವಳು ನಾನು ಎಂದು ತಿಳಿದರೆ ಕೆಲಸ ಹೋಗುತ್ತದೆ. ನಾಳೆ ಹೇಳೋಣ, ಕರಾರು ಆದ ಮೇಲೆ ಹೇಳೋಣ... ಕರಾರು ಮುಂದುವರಿಯಿತು. ಹೇಳಲಿಲ್ಲ.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅವರೇ ಎದುರಾದರು. ಸೊರಗಿದ್ದರು, ಗಡ್ಡ ಬಂದಿತ್ತು. ನಾನು ತಲೆ ತಪ್ಪಿಸುವ ಮೊದಲೇ ನೋಡಿಬಿಟ್ಟರು. "ಹೆಂಗಿದೀಯ ತಂಗಿ? ಕೆಲ್ಸ ಗಟ್ಟಿ ಆತನಾ?" ಎಂದರು. ಆತು ಅಣ್ಣ ಎಂದೆ. ಇನ್ನೂ ಏನೋ ಕೇಳುವವರಂತೆ ನಿಂತರು. "ಬಸ್ಸು ಬಂತು ಅಣ್ಣ, ಬರ್ತೀನಿ" ಎಂದು ಹೇಳಿ ಹತ್ತಿಬಿಟ್ಟೆ. ಅದು ನನ್ನ ಬಸ್ಸೂ ಆಗಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ.

ಆಮೇಲೆ ಮದುವೆ, ಸಾಗರ, ಮಕ್ಕಳ ಶಾಲೆ. ಹದಿಮೂರು ವರ್ಷ ಹೋದದ್ದೇ ತಿಳಿಯಲಿಲ್ಲ. ಆ ದಬ್ಬಣ ಕೈಗೆ ಬಂದ ದಿನ ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದೆ. "ಅಯ್ಯೋ, ಅವ್ರು ಹೋಗಿ ವರ್ಷ ಆಗ್ತಾ ಬಂತಲೇ" ಎಂದರು.

ಮಾರನೇ ವಾರ ತೀರ್ಥಹಳ್ಳಿಗೆ ಹೋದೆ. ಚೀಟಿಯಣ್ಣನ ಹೆಂಡತಿ ಬಾಗಿಲು ತೆಗೆದರು. ಗುರುತು ಹೇಳಿದ ಮೇಲೆ ಒಳಗೆ ಕರೆದು ಕೂರಿಸಿದರು. ಗೋಡೆಯ ಮೇಲೆ ಅವರ ಫೋಟೋ, ಹಾರ ಹೊಸದು. ಎಲ್ಲವನ್ನೂ ಹೇಳಿದೆ. ಕರೆಂಟು ಹೋದದ್ದು, ಎರಡು ಸಲ ಹೊಡೆದದ್ದು, ಅಳಿಸಿದ್ದು, ಖಾಲಿ ಜಾಗ. ಜೇನು ತಿಂದದ್ದನ್ನೂ ಹೇಳಿದೆ. ಮುಗಿದ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಆ ದಿನದ ದಾರ ಮನೆಗೆ ತಂದಿಟ್ಕಂಡಿದ್ರು ಕಣೇ. ಮೂರು ಹೊತ್ತೂ ಎಣ್ಸದು. ಇದ್ರಲ್ಲಿ ಸರಿ ಅದೆ, ಹಂಗಾರೆ ನಾನೇ ಓದಕಾದ್ರೆ ತಪ್ಪಿದ್ನಾ, ಹೊಸನಗರದವ್ರ ಹೆಸ್ರು ಮೊದ್ಲೇ ಓದ್ಬಿಟ್ನಾ ಅಂತ ನನ್ನ ಕೇಳದು. ನಾ ಎಂತ ಹೇಳ್ಲಿ? ಕೊನೆ ಕೊನೆಗೆ, ತಾನೇ ತಪ್ಪಿದ್ದು ಅಂತಾನೇ ಅಂದ್ಕಂಡಿದ್ರು."

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಕಾಫಿ ತಂದಿಟ್ಟು, "ನನ್ನ ಹತ್ರ ಹೇಳಿ ಎಂತ ಆಗ್ಬೇಕು? ಅವ್ರಿಗೆ ಹೇಳ್ಬೇಕಿತ್ತು. ಹೋಗ್ಲಿ, ಅರಳಸುರಳಿಯವ್ರಿಗಾದ್ರೂ ಹೋಗಿ ಹೇಳ್ತೀಯಾ? ಅವ್ರ ಮನಸಲ್ಲಾದ್ರೂ ಇವ್ರು ಕಳ್ಳ ಆಗಿ ಇರದು ಬೇಡ" ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ಅಜ್ಜಿಯ ಮಗನನ್ನು ಹುಡುಕುವುದು ಕಷ್ಟವಾಗಲಿಲ್ಲ. ಈಗ ಅರಳಸುರಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ತಲೆ, ಹುಬ್ಬು ಎಲ್ಲ ಹಿಟ್ಟು. ನಾನು ಹೇಳಿದ್ದು ಗಿರಣಿಯ ಸದ್ದಿಗೆ ಕೇಳದೆ ಮೋಟರು ನಿಲ್ಲಿಸಿದ. ಮತ್ತೆ ಮೊದಲಿನಿಂದ ಹೇಳಿದೆ.

"ಯಾವ ಚೀಟಿಯಣ್ಣ?" ಎಂದ.

ಆಸ್ಪತ್ರೆ ಎಂದೆ, ಹೃದಯದ ಡಾಕ್ಟರು ಎಂದೆ, ಜೇನುತುಪ್ಪ ಎಂದೆ. ಸುಮಾರು ಹೊತ್ತು ಯೋಚಿಸಿದ.

"ಹಾಂ, ಹೌದೌದು, ಎಂತದೋ ಗಲಾಟೆ ಆಗಿತ್ತು. ಅಮ್ಮಂಗೆ ಮುಂದಿನ ತಿಂಗಳೇ ತೋರ್ಸಿದ್ವಲ್ಲ. ಆಮೇಲೆ ಏಳು ವರ್ಷ ಚೆನ್ನಾಗೇ ಇದ್ರು ಅವ್ರು. ಆ ಚೀಟಿ ಬರೆಯವ್ರೇ ಹಂಗೆ ಮಾಡಿದ್ರಾ, ಇಲ್ವಾ... ನಂಗೆ ಈಗ ಸರಿ ನೆನಪೂ ಇಲ್ಲ ಅಕ್ಕ. ಯಾಕೆ, ಏನಾದ್ರೂ ಕೇಸ್ ಆಗಿದ್ಯಾ?"

ಕೇಸ್ ಏನಿಲ್ಲ, ಅವರು ತೀರಿಕೊಂಡರು ಎಂದೆ. "ಹೌದಾ, ಪಾಪ" ಎಂದ. ಗೋಧಿ ಚೀಲ ಹಿಡಿದುಕೊಂಡು ಇಬ್ಬರು ಕಾಯುತ್ತಿದ್ದರು. ಅವನು ಮೋಟರು ಹಾಕಿದ.

ನಾನು ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ಕೂತೆ. ಕೋಪ ಬಂದಿತ್ತು, ಆದರೆ ಯಾರ ಮೇಲೆ? ಆಡಿದವನು ತಿಂಗಳಲ್ಲಿ ಮರೆತಿದ್ದ. ಕೇಳಿಸಿಕೊಂಡವರು ಸಾಯುವವರೆಗೆ ಎಣಿಸುತ್ತ ಕೂತಿದ್ದರು. ನಡುವೆ ನಿಜ ಗೊತ್ತಿದ್ದವಳು ನಾನೊಬ್ಬಳು, ದಾರಿಯಲ್ಲಿ ಸಿಕ್ಕರೂ ಬಸ್ಸು ಹತ್ತಿ ಓಡಿದವಳು. ಅವರಿಗೆ ಇನ್ನು ನಾನು ಏನನ್ನೂ ಹೇಳಲಾರೆ... ಅದು ಮುಗಿಯಿತು.

ಮೊನ್ನೆ ಅವರ ಹೆಂಡತಿ ಫೋನು ಮಾಡಿದ್ದರು.

"ಹೋಗಿದ್ಯಾ? ಹೇಳಿದ್ಯಾ? ಎಂತ ಅಂದ್ರು ಅವ್ರು?"

ಅವನಿಗೆ ನೆನಪೇ ಇರಲಿಲ್ಲ ಎಂದು ಹೇಗೆ ಹೇಳಲಿ? ನನ್ನಿಂದಾಗಲಿಲ್ಲ. "ಹೇಳಿದೆ ಅಕ್ಕ. ತುಂಬ ಬೇಜಾರು ಮಾಡ್ಕೊಂಡ್ರು. ತಪ್ಪಾಯ್ತು ಅಂದ್ರು, ಕೈ ಮುಗಿದ್ರು" ಎಂದೆ.

"ಅಷ್ಟು ಸಾಕು ಬಿಡು... ತಡಿ, ಬಂದೆ" ಎಂದರು. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು, ಕಟ್ ಮಾಡಿರಲಿಲ್ಲ. ಅವರು ಒಳಗೆ ನಡೆದು ಹೋದದ್ದು ಕೇಳಿಸಿತು. ಫೋಟೋದ ಮುಂದೆ ನಿಂತಿರಬೇಕು.

"ಕೇಳಿದ್ರಾ... ಅರಳಸುರಳಿಯವ್ರು ತಪ್ಪಾತು ಅಂದ್ರಂತೆ. ಕೈ ಮುಗಿದ್ರಂತೆ ಕಣ್ರೀ. ನೀವು ತಪ್ಪಿರ್ಲಿಲ್ಲ."

ಅವರು ಅದನ್ನು ಎರಡು ಸಲ ಹೇಳಿದರು. ಎರಡು ಸಲವೂ ನಾನು ಪೂರ್ತಿ ಕೇಳಿ, ಆಮೇಲೆ ಫೋನು ಇಟ್ಟೆ.